ಫೋನಿನಲ್ಲಿ ಕೇಳಿಸದ ಸದ್ದು

ಟೀಸರಿನ ಕೊನೆಯಲ್ಲಿ ಸದ್ದು ಇದೆಯೋ ಇಲ್ಲವೋ ಎಂಬ ಜಗಳ ನನ್ನ ಅಂಗಡಿಯ ಮೆಟ್ಟಿಲ ಮೇಲೆ ಶುರುವಾದದ್ದು ನಾಗಸಂದ್ರದವರೆಗೆ ಮೆಟ್ರೋ ಬಂದ ಹೊಸದರಲ್ಲಿ. ನನ್ನದು ಪೀಣ್ಯದ ಒಳರಸ್ತೆಯೊಂದರಲ್ಲಿ ಸ್ಪೀಕರ್ ರಿಪೇರಿ ಅಂಗಡಿ. ಒಂದು ಪಕ್ಕ ಲೇತ್ ವರ್ಕ್‌ಶಾಪ್, ಇನ್ನೊಂದು ಪಕ್ಕ ಗ್ರೈಂಡಿಂಗ್ ಮಾಡುವವರು. ಆರ್ಕೆಸ್ಟ್ರಾದವರು, ಗಣೇಶನ ಪೆಂಡಾಲಿನವರು, ಮದುವೆ ಮಂಟಪದವರು ಎಲ್ಲರೂ ಹರಿದ ಸ್ಪೀಕರ್ ಹೊತ್ತುಕೊಂಡು ನನ್ನ ಬಳಿಯೇ ಬರುತ್ತಾರೆ. ಹೆಂಗಸು ಸ್ಪೀಕರ್ ಕಟ್ಟುತ್ತಾಳಾ ಎಂದು ಕೇಳಿದವರಿಗೆ, ಹೆಂಗಸರನ್ನು ಬಿಟ್ಟು ಇನ್ಯಾರಿಗಪ್ಪ ಇಷ್ಟು ತಾಳ್ಮೆ ಇರೋದು ಎಂದು ಬಾಯಿ ಮುಚ್ಚಿಸುತ್ತೇನೆ. ನಿನ್ನ ತಾಳ್ಮೆಯೆಲ್ಲ ಕೈಯಲ್ಲಿದೆ, ಬಾಯಲ್ಲಿ ಒಂದು ಚೂರೂ ಇಲ್ಲ ಎಂದು ನಮ್ಮ ಮನೆಯವರು ಹೇಳುತ್ತಾರೆ. ಅದೂ ನಿಜವೇ.

ಜಗಳವಾಡುತ್ತಿದ್ದವರು ಒಬ್ಬ ಸಂಗೀತ ನಿರ್ದೇಶಕನ ಅಭಿಮಾನಿ ಬಳಗದ ಹುಡುಗರು. ಹೀರೋ ಕಟೌಟಿಗೆ ಹಾಲು ಸುರಿಯುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಸಂಗೀತದವನಿಗೆ ಬಳಗ ಕಟ್ಟಿಕೊಂಡವರನ್ನು ನೋಡಿದ್ದು ಅದೇ ಮೊದಲು. ಎಲ್ಲ ಸುತ್ತಮುತ್ತಲ ಫ್ಯಾಕ್ಟರಿಗಳಲ್ಲಿ ದುಡಿಯುವವರು. ಅವರಿಗೊಬ್ಬ ಅಧ್ಯಕ್ಷ ಬೇರೆ ಇದ್ದ. ಅವನು ಸಿಎನ್‌ಸಿ ಮೆಷಿನ್ ನಡೆಸುವವನು, ಆದರೆ ನಡೆ ನುಡಿಯೆಲ್ಲ ಜಿಲ್ಲಾ ಪಂಚಾಯ್ತಿ ಅಧ್ಯಕ್ಷನದೇ.

ಬರಲಿದ್ದದ್ದು ಅಂತರಿಕ್ಷ ನೌಕೆಯ ಕಥೆಯಿರುವ ಸಿನಿಮಾ. ಕನ್ನಡದಲ್ಲಿ ಅಂಥದ್ದೊಂದು ಬರುತ್ತಿದೆ ಎನ್ನುವುದೇ ಹುಡುಗರಿಗೆ ಹೆಮ್ಮೆ. ಅದರಲ್ಲಿ ಹಾಡಿಲ್ಲ. ಹಾಡಿಲ್ಲದ ಮೇಲೆ ಆಡಿಯೋ ಬಿಡುಗಡೆಯೂ ಇಲ್ಲ. ಇರುವುದೆಲ್ಲ ಹಿನ್ನೆಲೆ ಸಂಗೀತ, ಹುಡುಗರ ಬಾಯಲ್ಲಿ ಬಿಜಿಎಂ. ಅದನ್ನು ಕೇಳಬೇಕಾದರೆ ಥಿಯೇಟರಿಗೇ ಹೋಗಬೇಕು. ಈ ಸಲ ಕೊಳಲೂ ಇಲ್ಲ, ಪಿಟೀಲೂ ಇಲ್ಲ, ಆಕಾಶ ಅಂದರೆ ಎತ್ತರವಲ್ಲ, ಆಳ, ರಾಗವೆಲ್ಲ ತಳದಲ್ಲೇ ನಡೆಯುತ್ತದೆ ಎಂದು ಸಂಗೀತ ನಿರ್ದೇಶಕ ಟೀವಿಯಲ್ಲಿ ಹೇಳಿದ್ದನಂತೆ. ಅಷ್ಟು ಹೇಳಿ ಸುಮ್ಮನಾದ. ಇವರು ತಿಂಗಳುಗಟ್ಟಲೆ ಆ ಮಾತನ್ನೇ ಚೀಪುತ್ತಾ ಕೂತರು.

ಟೀಸರಿನ ಕೊನೆಯಲ್ಲಿ ನೌಕೆ ಭೂಮಿ ಬಿಟ್ಟು ಹೋಗುತ್ತದೆ, ಪರದೆ ಕಪ್ಪಾಗುತ್ತದೆ. ಫೋನಿನಲ್ಲಿ ಆಗ ಏನೂ ಕೇಳಿಸುವುದಿಲ್ಲ. ಅಂತರಿಕ್ಷದಲ್ಲಿ ಗಾಳಿ ಇಲ್ಲ, ಗಾಳಿ ಇಲ್ಲದ ಮೇಲೆ ಸದ್ದೆಲ್ಲಿಂದ ಬರಬೇಕು, ಅದಕ್ಕೇ ಮೌನ ಬಿಟ್ಟಿದ್ದಾನೆ, ಜೀನಿಯಸ್ ಗುರು ಅವನು ಎಂದು ಅಧ್ಯಕ್ಷ ವಾದ ಮಾಡುತ್ತಿದ್ದ. ಮೌನ ಮಾಡೋಕೆ ಸಂಗೀತದವನೇ ಬೇಕಾ ಎಂದು ಇನ್ನೊಬ್ಬ. ತಲೆ ಚಿಟ್ಟು ಹಿಡಿಯಿತು ನನಗೆ. ಫೋನು ಕಿತ್ತುಕೊಂಡು ಬೆಂಚಿನ ಮೇಲಿದ್ದ ಆಂಪ್ಲಿಫೈಯರಿಗೆ ವೈರು ಸಿಕ್ಕಿಸಿದೆ. ಆರ್ಕೆಸ್ಟ್ರಾದವರ ದೊಡ್ಡ ಸ್ಪೀಕರೊಂದು ರಿಪೇರಿಯಾಗಿ ಪೆಟ್ಟಿಗೆಯೊಳಗೆ ಕೂತಿತ್ತು. ಅದಕ್ಕೆ ಹಾಕಿ ಟೀಸರ್ ಬಿಟ್ಟೆ.

ಪರದೆ ಕಪ್ಪಾಯಿತು. ಸ್ಪೀಕರಿನ ಕಾಗದದ ಬಟ್ಟಲಿನಂಥ ಕೋನು ಮೆಲ್ಲಗೆ ಉಸಿರಾಡತೊಡಗಿತು. "ಬಂತು" ಎಂದ ಒಬ್ಬ. ಅವನು ಹಿಂದೆ ಬಾಗಿಲಿಗೆ ಒರಗಿ ನಿಂತಿದ್ದವನು, ಪವರ್ ಪ್ರೆಸ್ಸಿನಲ್ಲಿ ತಗಡು ಒತ್ತುವ ಕೆಲಸ ಮಾಡುವವನು, ಕೊಪ್ಪಳದ ಕಡೆಯವನು. ಉಳಿದವರು ಫೋನಿಗೆ ಕಿವಿ ಕೊಟ್ಟು ಮುಗಿಬಿದ್ದು ಜಗಳ ಆಡುವಾಗಲೂ ಅವನು ಹತ್ತಿರ ಬಂದಿರಲಿಲ್ಲ. ಅವನು ಬಂತು ಎಂದ ಮೇಲೆ ನಮಗೆಲ್ಲ ಅದು ಗಮನಕ್ಕೆ ಬಂತು. ಕಿವಿಗಿಂತ ಮೊದಲು ಹೊಟ್ಟೆಗೆ ತಾಗುವ ದಪ್ಪ ಸದ್ದು, ಮೆಲ್ಲಗೆ ಏರಿ, ತಟಕ್ಕನೆ ಮುಗಿದುಹೋಯಿತು. ಅವನು ಪೆಟ್ಟಿಗೆಯ ಮೇಲೆ ಎರಡೂ ಅಂಗೈ ಊರಿ, ಇನ್ನೊಮ್ಮೆ ಹಾಕ್ರಿ ಅಕ್ಕಾರ ಎಂದ. ಹಾಕಿದೆ. ಮತ್ತೊಮ್ಮೆ ಎಂದ. ಅಧ್ಯಕ್ಷನ ಮುಖ ನೋಡುವಂತಿತ್ತು.

ಆಮೇಲೆ ಅವರಿಗೆ ನಿದ್ದೆ ಬರಲಿಲ್ಲವೇನೋ. ತುಮಕೂರು ರಸ್ತೆಯ ಹಿಂದಿರುವ ಹಳೆಯ ಥಿಯೇಟರಿನಲ್ಲಿ ಶುಕ್ರವಾರ ಬೆಳಗಿನ ಮೊದಲ ಆಟಕ್ಕೆ ಬಳಗದವರು ಟಿಕೆಟ್ ಹಿಡಿದಾಗಿತ್ತು. ಆ ಥಿಯೇಟರಿನಲ್ಲಿ ಈ ಸದ್ದು ಬರುತ್ತಾ ಅಕ್ಕ ಎಂದು ಕೇಳಿದರು. ಬರಲ್ಲ ಎಂದೆ. ಅಲ್ಲಿ ಪರದೆಯ ಹಿಂದಿನ ಎರಡು ಬಾಸ್ ಸ್ಪೀಕರುಗಳು ಸತ್ತು ಎಷ್ಟೋ ಕಾಲವಾಗಿತ್ತು. ಒಂದರ ಕಾಯಿಲ್ ಸುಟ್ಟಿತ್ತು, ಇನ್ನೊಂದರ ಅಂಚಿನ ಬಟ್ಟೆಯನ್ನು ಇಲಿ ತಿಂದಿತ್ತು. ಮ್ಯಾನೇಜರ್ ಅವುಗಳ ಆಂಪ್ಲಿಫೈಯರಿನ ಫ್ಯೂಸ್ ಕಿತ್ತು ಡ್ರಾಯರಿಗೆ ಹಾಕಿ ಮರೆತಿದ್ದರು. ಜನಕ್ಕೆ ಡೈಲಾಗ್ ಕೇಳಿಸಿದ್ರೆ ಸಾಕಮ್ಮ, ಬಾಸ್ ಬಂದ್ರೆ ಸೀಲಿಂಗ್ ಶೀಟು ಗಡಗಡ ಅನ್ನುತ್ತೆ ಎನ್ನುವುದು ಅವರ ಮಾತು. ಹುಡುಗರು ಹೋಗಿ ಏನು ಕಾಡಿದರೋ ಏನು ಪೂಸಿ ಹೊಡೆದರೋ, ಕೊನೆಗೆ ಆಟೋದಲ್ಲಿ ಎರಡೂ ಸ್ಪೀಕರ್ ನನ್ನ ಅಂಗಡಿ ಮುಂದೆ ಬಂದು ಇಳಿದವು. ಹೊತ್ತು ತಂದವನು ಪ್ರೆಸ್ಸಿನವನೇ.

ಇಲಿ ತಿಂದದ್ದು ಸುಲಭದ ಕೆಲಸ. ಹಳೆಯ ಅಂಚನ್ನು ಬಿಡಿಸಿ ಗಮ್ ಕೆರೆದು ಹೊಸದನ್ನು ಅಂಟಿಸಿ ಬದಿಗಿಟ್ಟೆ. ಸುಟ್ಟದ್ದು ಹಾಗಲ್ಲ. ಕೋನನ್ನು ಪೂರ್ತಿ ಕತ್ತರಿಸಿ ತೆಗೆಯಬೇಕು. ಅದರ ಬುಡದಲ್ಲಿ ಕಾಯಿಲ್, ಅಂದರೆ ತಾಮ್ರದ ತಂತಿ ಸುತ್ತಿದ ಕೊಳವೆ, ಅಯಸ್ಕಾಂತದ ಸಂದಿಯೊಳಗೆ ಇಳಿದು ನಿಂತಿರುತ್ತದೆ. ಆ ಸಂದಿ ಎಷ್ಟು ಸಣ್ಣದೆಂದರೆ ಹೊಸ ಕಾಯಿಲನ್ನು ನಡುಮಧ್ಯಕ್ಕೆ ನಿಲ್ಲಿಸಲು ನಾನು ಹಳೆಯ ಎಕ್ಸ್‌ರೇ ಫಿಲಂ ಕತ್ತರಿಸಿ ಸುತ್ತಲೂ ಸಿಕ್ಕಿಸುತ್ತೇನೆ. ಯಾರದೋ ಮುರಿದ ಮೊಣಕೈ, ಯಾರದೋ ಎದೆಗೂಡು. ಗಮ್ ಒಣಗಿದ ಮೇಲೆ ಫಿಲಂ ಎಳೆದುಬಿಟ್ಟರೆ ಕಾಯಿಲ್ ಎಲ್ಲಿಯೂ ತಾಗದೆ ಗಾಳಿಯಲ್ಲಿ ನಿಲ್ಲುತ್ತದೆ. ಆ ಅಳತೆಯ ಕೋನು ಕಾಯಿಲಿನ ಜೋಡಿ ನನ್ನ ಬಳಿ ಒಂದೇ ಒಂದಿತ್ತು.

ಪೀಣ್ಯದಲ್ಲಿ ಈ ಕೆಲಸಕ್ಕೆ ಇನ್ನೊಂದು ಕಾಟವಿದೆ. ಇಲ್ಲಿ ಗಾಳಿಯಲ್ಲೇ ಕಬ್ಬಿಣದ ಪುಡಿ ಓಡಾಡುತ್ತದೆ. ಅಯಸ್ಕಾಂತ ತೆರೆದಿಡುವುದೂ ಇರುವೆ ಗೂಡಿನ ಪಕ್ಕ ಬೆಲ್ಲ ಇಡುವುದೂ ಒಂದೇ. ಆದ್ದರಿಂದ ಸಂದಿ ತೆರೆಯುವ ದಿನ ನಾನು ಶಟರ್ ಅರ್ಧಕ್ಕಿಂತ ಕೆಳಗೆ ಎಳೆದು, ನೆಲಕ್ಕೆ ನೀರು ಚಿಮುಕಿಸಿ, ಒಗೆದ ಸೀರೆ ಉಟ್ಟೇ ಕೂರುತ್ತೇನೆ. ಗಂಡನಿಗೂ ಒಳಗೆ ಪ್ರವೇಶವಿಲ್ಲ.

ಅಷ್ಟು ಹೊತ್ತಿಗೆ ಪ್ರೆಸ್ಸಿನವನು ದಿನಾ ಶಿಫ್ಟ್ ಮುಗಿಸಿ ಬಂದು ಮೆಟ್ಟಿಲ ಮೇಲೆ ಕೂರುವುದು ರೂಢಿಯಾಗಿತ್ತು. ಹೆಚ್ಚು ಮಾತಿಲ್ಲ, ಕಥೆಯಿಲ್ಲ. ನಾನು ಏನಾದರೂ ಕೇಳಿದರೆ ನಕ್ಕು ತಲೆಯಾಡಿಸುತ್ತಿದ್ದ. ಒಳ್ಳೆ ಹುಡುಗ, ಸ್ವಲ್ಪ ಮಂಕು ಎಂದುಕೊಂಡಿದ್ದೆ. ಆ ಸಂಜೆ ನಾನು ಬೆನ್ನು ತಿರುಗಿಸಿ ಸಂದಿಯನ್ನು ಅಂಟು ಟೇಪಿನಿಂದ ಒರೆಸುತ್ತಿದ್ದಾಗ ಶಟರಿನ ಕೆಳಗೆ ನೆರಳು ಬಂತು. ಒಳಗೆ ಬರಬೇಡ ಎಂದೆ. ಬಂದ. ಅಲ್ಲೇ ನಿಂತ್ಕೋ ಎಂದು ಕೂಗಿದೆ. ನೇರವಾಗಿ ಬಂದು ನನ್ನ ಹೆಗಲ ಪಕ್ಕದಿಂದ ಬಗ್ಗಿ, ಎದೆಯನ್ನು ಅಯಸ್ಕಾಂತದ ಮೇಲೇ ತಂದು, ಇದನ ಏನ್ರಿ ಅದು ಎಂದ. ಫ್ಯಾಕ್ಟರಿಯ ಅಂಗಿಯಲ್ಲೇ ಇದ್ದ. ನನಗೆ ಮೈಯೆಲ್ಲ ಉರಿದುಹೋಯಿತು. ಹೇಳಿದ ಮಾತು ಕಿವಿ ಮೇಲೆ ಹಾಕ್ಕೊಳ್ಳದ ಜನ ಎಂದು ಬೈದು ಹೊರಗಟ್ಟಿದೆ. ಟಾರ್ಚು ಬಿಟ್ಟು ಸಂದಿ ನೋಡಿದೆ, ಮತ್ತೆ ಮತ್ತೆ ಟೇಪು ಎಳೆದೆ. ಚೊಕ್ಕವಾಗಿ ಕಂಡಿತು. ಕಾಯಿಲ್ ಇಳಿಸಿ ಗಮ್ ಹಾಕಿ ಒಣಗಲು ಬಿಟ್ಟೆ.

ಮರುದಿನ ಫಿಲಂ ಎಳೆದು ಸದ್ದು ಕೊಟ್ಟರೆ ಕರ್ ಕರ್. ಅನ್ನದಲ್ಲಿ ಕಲ್ಲು ಸಿಕ್ಕ ಹಾಗೆ. ಕೋನು ಮೇಲೆ ಕೆಳಗೆ ಆಡಿದ ಹಾಗೆಲ್ಲ ಕಾಯಿಲಿಗೆ ಏನೋ ತಾಗುತ್ತಿತ್ತು. ಕಾಯಿಲ್ ಕೂತ ಮೇಲೆ ಸಂದಿಯ ಹೊರಗಡೆಯನ್ನು ಒರೆಸಲು ದಾರಿಯೇ ಇಲ್ಲ. ಬ್ಲೇಡು ಹಿಡಿದು ಹೊಸ ಕೋನನ್ನು ನಾನೇ ಕತ್ತರಿಸಿದೆ. ಒಳಗೆ, ಟಾರ್ಚಿಗೆ ಕಾಣದಷ್ಟು ಆಳದಲ್ಲಿ, ಸಂದಿಯ ಗೋಡೆಗೆ ಕರೀ ಗಡ್ಡದಂತೆ ಕಬ್ಬಿಣದ ಎಳೆಗಳು ನಿಂತಿದ್ದವು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಚೆನ್ನೈಗೆ ಫೋನು ಮಾಡಿದರೆ ಆ ಅಳತೆಯದು ಸಿಗುತ್ತೆ, ಆದರೆ ಶುಕ್ರವಾರ ಕಳೆದ ಮೇಲೆ ಎಂದರು.

ಸಂಜೆ ಅವನು ಬಂದ. ನಾನು ಬೆಂಚಿನ ಹತ್ತಿರದಿಂದಲೇ ಶುರುಮಾಡಿಕೊಂಡೆ. ಮನಸ್ಸಿಗೆ ಬಂದದ್ದೆಲ್ಲ ಅಂದೆ. ಅವನು ಬಾಗಿಲಲ್ಲಿ ಬೆನ್ನು ಹಾಕಿ ನಿಂತು ಎದುರಿನ ಗಾಡಿಯವನು ಮೆಣಸಿನಕಾಯಿ ಬೋಂಡ ಕರಿಯುವುದನ್ನು ನೋಡುತ್ತಿದ್ದ. ಒಂದು ಸಲವೂ ತಿರುಗಲಿಲ್ಲ. ಇದೆಂಥಾ ಕೊಬ್ಬು ಎಂದು ಬೆಂಚಿಗೆ ಧಡ್ ಎಂದು ಗುದ್ದಿದೆ. ಆಗ ತಿರುಗಿ, ನಕ್ಕು, ಕರದ್ರ್ಯಾ ಅಕ್ಕಾರ ಎಂದ.

ನಾನು ಬೆಂಚು ಬಿಟ್ಟು ಬಂದೆ. ಅವನನ್ನು ಗೋಡೆಯ ಕಡೆ ಮುಖ ಮಾಡಿ ನಿಲ್ಲಿಸಿ, ಹಿಂದೆ ನಿಂತು ಹೆಸರು ಹಿಡಿದು ಕರೆದೆ. ಇನ್ನೊಮ್ಮೆ ಕರೆದೆ. ಅವನು ಗೋಡೆಯನ್ನೇ ನೋಡುತ್ತಾ, ಏನ್ ಮಾಡಾಕತ್ತೀರಿ ಎಂದ. ಎದುರಿಗೆ ಬಂದು, ಕತ್ತರಿಸಿದ ಕೋನನ್ನು ಅವನ ಕೈಗಿಟ್ಟು, ತುಟಿ ಅಗಲಿಸಿ ಕೇಳಿದೆ, ಎಷ್ಟು ದಿನದಿಂದ ಎಂದು.

ಅವನು ಕೋನನ್ನು ತಿರುಗಿಸಿ ತಿರುಗಿಸಿ ನೋಡಿದ. ಅಂಗಿಯ ಎದೆಯನ್ನು ಮುಟ್ಟಿ ನೋಡಿಕೊಂಡ. ಆಮೇಲೆ ಹೇಳಿದ: "ಸಣ್ಣ ದನಿ ಎಲ್ಲಾ ಹೋಗ್ಯಾವ್ರಿ. ಹೆಣ್ಮಕ್ಕಳ ಮಾತು, ಫೋನಿನ ರಿಂಗು, ಗುಬ್ಬಿ ಕೂಗೂದು, ಏನೂ ಕೇಳಸಂಗಿಲ್ಲ. ದಪ್ಪ ಸದ್ದು ಅಷ್ಟ ಉಳದೈತಿ. ಅದೂ ಹೊಕ್ಕೈತಿ ಅಂತ ಡಾಕ್ಟರ್ ಹೇಳ್ಯಾರ. ಹೋಗೂದ್ರೊಳಗ ಇದೊಂದು ಕೇಳಬೇಕ್ರಿ ಅಕ್ಕಾರ."

ಪ್ರೆಸ್ಸಿನ ಹೊಡೆತ ಮೊದಲು ಸಣ್ಣ ಸದ್ದನ್ನೇ ತಿನ್ನುತ್ತದೆ ಎಂದು ನನಗೂ ಗೊತ್ತಿತ್ತು. ಪೀಣ್ಯದಲ್ಲಿ ಯಾರಿಗೆ ಗೊತ್ತಿಲ್ಲ. ಫ್ಯಾಕ್ಟರಿಯಲ್ಲಿ ತಿಳಿದರೆ ಕಂಟ್ರಾಕ್ಟರ್ ಮನೆಗೆ ಕಳಿಸುತ್ತಾನೆಂದು ರೂಮಿನವರಿಗೂ ಅವನು ಹೇಳಿರಲಿಲ್ಲ. ಆ ಸಂಗೀತ ನಿರ್ದೇಶಕನ ಹಳೆಯ ಹಾಡುಗಳ ಕೊಳಲು, ಪಿಟೀಲು ಅವನಿಗೆ ಎಂದೋ ಮುಗಿದಿದ್ದವು. ರೂಮಿನಲ್ಲಿ ಅವನ್ನು ಹಾಕಿದಾಗ ಉಳಿದವರ ತಲೆ ಆಡುವುದನ್ನು ನೋಡಿ ತಾನೂ ಆಡಿಸುತ್ತಿದ್ದನಂತೆ. ಅಂಥವನಿಗೆ, ಈ ಸಲ ರಾಗವೆಲ್ಲ ತಳದಲ್ಲಿ ಎಂಬ ಮಾತು ಕಿವಿಗೆ ಬಿದ್ದಿದೆ. ಟೀವಿಯಲ್ಲಿ ಅಲ್ಲ, ಅಧ್ಯಕ್ಷನ ದಪ್ಪ ಗಂಟಲಿನಿಂದ. ತನಗಾಗಿಯೇ ಯಾರೋ ಕೂತು ಮಾಡುತ್ತಿದ್ದಾರೆ ಎಂದು ಅನಿಸಿತಂತೆ ಅವನಿಗೆ. ನನಗೆ ಅಳು ಬಂತು. ಸಿಟ್ಟೂ ಬಂತು, ಯಾರ ಮೇಲೆ ಎಂದು ಗೊತ್ತಾಗದ ಸಿಟ್ಟು.

ನನ್ನಿಂದಲೇ ಹಾಳಾಯಿತು, ಬಳಗದವರಿಗೆ ಹೇಳಿಬಿಡುತ್ತೇನೆ ಎಂದು ಅವನು ಎದ್ದ. ತೋಳು ಹಿಡಿದು ಕೂರಿಸಿದೆ. ಬಾಯಿ ಮುಚ್ಕೊಂಡಿರು, ಅದು ನನ್ನ ಅಂಗಡಿಯೊಳಗಿನ ವಿಷಯ ಎಂದೆ. ಅಧ್ಯಕ್ಷನಿಗೆ ಕಬ್ಬಿಣದ ಪುಡಿ ಬಿತ್ತು ಎಂದಷ್ಟೇ ತಿಳಿಸಿದೆ. ಪೀಣ್ಯದಲ್ಲಿ ಹುಟ್ಟಿ ಬೆಳೆದವನಾದ್ದರಿಂದ ಎಲ್ಲಿಂದ ಎಂದು ಅವನು ಕೇಳಲಿಲ್ಲ.

ಉಳಿದದ್ದು ಇಲಿಯ ಬಾಯಿಂದ ಬದುಕಿದ ಒಂದೇ ಸ್ಪೀಕರು. ಹಾಳೂರಿಗೆ ಉಳಿದವನೇ ಗೌಡ. ಅದನ್ನು ಥಿಯೇಟರಿಗೆ ಒಯ್ದು ಮೊದಲಿದ್ದ ಜಾಗದಲ್ಲಿ, ಪರದೆಯ ಹಿಂದೆ ನಟ್ಟನಡುವೆ ಕಟ್ಟೆಯ ಮೇಲೆ ಇಟ್ಟು, ನನ್ನ ಅಂಗಡಿಯ ಆಂಪ್ಲಿಫೈಯರಿನಿಂದ ಸದ್ದು ಕೊಟ್ಟು ನೋಡಿದೆ. ಅಷ್ಟು ದೊಡ್ಡ ಹಾಲಿಗೆ ಅದರ ಸದ್ದು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಗಾಂಧಿ ಕ್ಲಾಸಿನಲ್ಲಿ ನಿಂತರೂ ಇಲ್ಲ, ಬಾಲ್ಕನಿಯಲ್ಲಿ ನಿಂತರೂ ಇಲ್ಲ. ವಾಲ್ಯೂಮ್ ಏರಿಸಿದರೆ ಕಾಯಿಲ್ ಸುಡುತ್ತದೆ. ಎರಡರ ಕೆಲಸ ಒಂದರಿಂದ ಮಾಡಿಸಬೇಕಾದರೆ ಒಂದೇ ದಾರಿ, ಮೂಲೆ. ಎರಡು ಗೋಡೆ ಮತ್ತು ನೆಲ ಕೂಡುವ ಕಡೆ ಬಾಸ್ ಪೆಟ್ಟಿಗೆ ಕೂರಿಸಿದರೆ ಸದ್ದು ಹಿಂದೆ ಹರಿದು ಹೋಗುವುದಿಲ್ಲ, ಗೋಡೆಗಳೇ ಅದನ್ನು ಮುಂದಕ್ಕೆ ತಳ್ಳುತ್ತವೆ. ಪೆಂಡಾಲಿನವರು ಗೊತ್ತಿಲ್ಲದೇ ಮಾಡುವ ಕೆಲಸ ಇದು. ಇಡೀ ಹಾಲಿಗೆ ಸ್ವಲ್ಪ ಹೆಚ್ಚುತ್ತದೆ, ಆ ಮೂಲೆಯ ಹತ್ತಿರದ ಸಾಲುಗಳಿಗೆ ಮಾತ್ರ ಪೂರ್ತಿ ಸಿಗುತ್ತದೆ.

ಮ್ಯಾನೇಜರ್ ಒಪ್ಪಲಿಲ್ಲ. ಎಡಗಡೆ ಮುಂದಿನ ಮೂಲೆ ಎಂದರೆ ಗಾಂಧಿ ಕ್ಲಾಸು. ಬಾಸ್ ಬೇಕಾದರೆ ಬಾಲ್ಕನಿಯವರಿಗೆ ಬರಲಿ, ಮುಂದಿನ ಬೆಂಚಿನವರಿಗೆ ಯಾಕೆ ಎಂದರು. "ಸಾರ್, ಎಲ್ಲರಿಗೂ ಇಲ್ಲ ಅನ್ನೋ ಬದಲು ಕೆಲವರಿಗಾದ್ರೂ ಇದೆ ಅನ್ನೋಣ. ಆಗಲ್ಲ ಅಂದ್ರೆ ಹೇಳಿ, ಆಟೋಗೆ ಹಾಕ್ಕೊಂಡು ವಾಪಸ್ ಹೋಗ್ತೀನಿ" ಎಂದೆ. ಹೋಗುವವಳೇನಲ್ಲ. ಮುಖ ಮಾತ್ರ ಹಾಗೆ ಮಾಡಿಕೊಂಡಿದ್ದೆ. ಅವರು ಡ್ರಾಯರಿನಿಂದ ಫ್ಯೂಸ್ ತೆಗೆದುಕೊಟ್ಟರು.

ಮೂಲೆಗೆ ಕೂರಿಸಿ ಸದ್ದು ಕೊಟ್ಟ ಕೂಡಲೇ ಪಕ್ಕದ ಬಾಗಿಲಿನ ತಗಡು ಜಾತ್ರೆ ಎಬ್ಬಿಸಿತು. ಹಳೆಯ ಸೈಕಲ್ ಟ್ಯೂಬ್ ಸೀಳಿ ತಗಡಿಗೂ ಚೌಕಟ್ಟಿಗೂ ನಡುವೆ ತುರುಕಿದೆ. ಸೀಲಿಂಗಿನ ಸಡಿಲ ಶೀಟುಗಳನ್ನು ಪ್ರೆಸ್ಸಿನವನು ಏಣಿ ಹತ್ತಿ ಬಿಗಿದ. ಕೆಳಗಿನಿಂದ ನಾನು ಎಷ್ಟು ಕೂಗಿದರೂ ಕೇಳಿಸುವುದಿಲ್ಲವೆಂದು ನೆನಪಾಗಿ ಏಣಿಯನ್ನೇ ತಟ್ಟಿ ಕೈಸನ್ನೆ ಮಾಡುತ್ತಿದ್ದೆ. ಕೊನೆಗೆ ಪ್ರೊಜೆಕ್ಟರ್ ಕೋಣೆಯವರು ಪರೀಕ್ಷೆಗೆಂದು ಬೇರೆ ಯಾವುದೋ ಸಿನಿಮಾದ ಗುಡುಗು ಸಿಡಿಲು ಹಾಕಿದರು. ಮೂಲೆಯ ಸೀಟಿನ ಹಿಡಿಕೆ ನನ್ನ ಕೈಕೆಳಗೆ ನಡುಗಿತು. ಗುಡುಗೇ ಇಷ್ಟು ಚೆನ್ನಾಗಿ ಬಂದರೆ ಆ ಸಂಗೀತ ಹೇಗೆ ಬರಬಹುದು ಎಂದು ನನಗೂ ಆಸೆ ಹತ್ತಿತು. ಸಿನಿಮಾ ಹುಚ್ಚಿಲ್ಲದವಳು ನಾನು. ಅಡುಗೆ ಮಾಡುವಾಗಲೂ ಟೀಸರಿನ ಆ ತುಣುಕು ಹೊಟ್ಟೆಯಲ್ಲಿ ಆಡುತ್ತಿತ್ತು, ಮುಂದೇನು ಮುಂದೇನು ಎಂದು ಕೇಳುತ್ತಿತ್ತು.

ಶುಕ್ರವಾರ ಬೆಳಿಗ್ಗೆ ಥಿಯೇಟರ್ ಮುಂದೆ ತಮಟೆ, ಪಟಾಕಿ, ಸಂಗೀತ ನಿರ್ದೇಶಕನ ಫೋಟೋಗೆ ಸೇವಂತಿಗೆ ಹಾರ. ಪ್ರೆಸ್ಸಿನವನು ಶಿಫ್ಟ್ ಬದಲಿಸಿಕೊಂಡು ಬಂದಿದ್ದ. ಬಳಗದವರು ಬಾಲ್ಕನಿಗೆ ಎಳೆದರೂ ಹೋಗದೆ, ನಾನು ತೋರಿಸಿದ ಎಡಮೂಲೆಯ ಮೊದಲ ಸಾಲಿನಲ್ಲಿ ಪರದೆಗೆ ಮೂಗು ತಾಗುವಷ್ಟು ಹತ್ತಿರ ಕೂತ. ಸ್ಪೀಕರಿನದು ಏನಾದರೂ ಹೆಚ್ಚು ಕಡಿಮೆಯಾದರೆ ಇರಲಿ ಎಂದು ನಾನು ಪೆಟ್ಟಿಗೆಯ ಪಕ್ಕದಲ್ಲೇ, ಗೋಡೆಗೆ ಒರಗಿ ನಿಂತೆ.

ದೀಪ ಆರಿತು. ಸಂಗೀತ ನಿರ್ದೇಶಕನ ಹೆಸರು ಬಂದದ್ದೇ ತಡ, ಶಿಳ್ಳೆ ಶುರುವಾಯಿತು. ಒಂದಲ್ಲ ಎರಡಲ್ಲ, ಹಾಲಿಗೆ ಹಾಲೇ ಬೆರಳು ಬಾಯಿಗಿಟ್ಟುಕೊಂಡಿತು. ಹೆಸರಿಗೆ ಶಿಳ್ಳೆ, ನೌಕೆಗೆ ಶಿಳ್ಳೆ, ಸದ್ದು ಶುರುವಾಗುತ್ತದೆ ಎಂದು ಗೊತ್ತಾದರೆ ಅದಕ್ಕೂ ಮೊದಲೇ ಶಿಳ್ಳೆ. ಬಾಲ್ಕನಿಯಿಂದ ಅಧ್ಯಕ್ಷ ಚೂರು ಪೇಪರ್ ಎರಚಿಸುತ್ತಿದ್ದ. ನೌಕೆ ಭೂಮಿ ಬಿಟ್ಟಿತು, ಪರದೆ ಕಪ್ಪಾಯಿತು. ನಾವು ಕಾದಿದ್ದ ಗಳಿಗೆ. ಪಕ್ಕದಲ್ಲಿ ಕೋನು ಬೆರಳಗಲ ಮುಂದೆ ಹಿಂದೆ ಆಡುವುದು ಪರದೆಯ ಅಂಚಿನ ಬೆಳಕಿನಲ್ಲಿ ನನ್ನ ಕಣ್ಣಿಗೆ ಕಾಣುತ್ತಿತ್ತು. ಕಿವಿಗೆ ಒಂದು ತುಣುಕೂ ಬೀಳಲಿಲ್ಲ. ಸೂಜಿಯಿಂದ ಚುಚ್ಚಿದ ಹಾಗೆ ಶಿಳ್ಳೆ, ಬರೀ ಶಿಳ್ಳೆ. ಕಾಲ ಕೆಳಗೆ ನೆಲ ನಡುಗಿತು, ಅದೂ ಸಂಗೀತವೋ ಇವರ ಕುಣಿತವೋ ತಿಳಿಯಲಿಲ್ಲ. ಸುಮ್ನಿರ್ರೋ ಎಂದು ಕಿರುಚಿದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಅಷ್ಟು ಜನ ಅಷ್ಟು ದಿನ ಬಾಯಿ ಬಿಟ್ಟು ಕಾದದ್ದನ್ನು ಅದೇ ಬಾಯಿಂದ ಮುಚ್ಚಿಹಾಕಿದರು.

ಮುಗಿದ ಮೇಲೆ ಎಲ್ಲರೂ ಗಂಟಲು ಕಟ್ಟಿಕೊಂಡು ಹೊರಬಂದರು. ಏನೂ ಕೇಳಿಸ್ಲಿಲ್ಲ ಮಗಾ, ಇನ್ನೊಂದ್ಸಲ ನೋಡ್ಬೇಕು ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ಅವನು ಮಾತ್ರ ಎದ್ದಿರಲಿಲ್ಲ. ಅದೇ ಸೀಟಿನಲ್ಲಿ, ಹಿಡಿಕೆಗಳ ಮೇಲೆ ಎರಡೂ ಕೈ ಊರಿ, ಖಾಲಿ ಪರದೆ ನೋಡುತ್ತಾ ಕೂತಿದ್ದ. ಕಣ್ಣು ಒದ್ದೆಯಾಗಿತ್ತು. ನಾನು ಎದುರಿಗೆ ಬಂದು ನಿಂತೆ. ನನ್ನನ್ನು ನೋಡಿ ಮುಖ ಒರೆಸಿಕೊಂಡ. ಆಮೇಲೆ ತಿರುಗಿ, ಹಿಂದಿನ ಖಾಲಿ ಸಾಲುಗಳನ್ನೆಲ್ಲ ಒಮ್ಮೆ ನೋಡಿದ. ಯಾರ ಪರವಾಗಿಯೋ ಮನಸ್ಸು ನೊಂದವನ ಮುಖ ಅದು.

"ಎಲ್ಲಾ ಕೇಳಿಸ್ತ್ರಿ ಅಕ್ಕಾರ, ಒಂದೂ ಬಿಡಲಿಲ್ಲ. ಇಷ್ಟು ಚಂದ ಮಾಡ್ಯಾನ. ಒಬ್ಬರರ ಒಂದು ಸಿಳ್ಳಿ ಹೊಡಿಬಾರದಾಗಿತ್ತೇನ್ರಿ?"

ಎಲ್ಲರೂ ಸುಮ್ಮನೆ ಕೇಳ್ತಾ ಕೂತಿದ್ರು ಕಣಪ್ಪ, ಅದಕ್ಕೇ ಹೊಡೀಲಿಲ್ಲ ಎಂದೆ. ನನ್ನ ಕಿವಿ ಇನ್ನೂ ಗುಯ್ ಎನ್ನುತ್ತಿತ್ತು. ನೆಲದ ಮೇಲಿನ ಪೇಪರ್ ಚೂರು ಸರಿಸಿ, ನನ್ನ ತುಟಿ ಅವನಿಗೆ ಕಾಣುವ ಹಾಗೆ ಎದುರಿಗೇ ಕೂತು, ಹೆಂಗಿತ್ತು, ಮೊದಲಿಂದ ಹೇಳು ಎಂದೆ.